ಪರೀಕ್ಷೆ ಮುಗಿಯಲಿ ಎಂದು

ಅರಂತೋಡು
14 ಜನವರಿ 2024

ಭವಿತಾಳ ಅಪ್ಪನಿಗೆ,

ನಿನ್ನೆ ನೀವು ಫೋನ್ ಮಾಡಿದಾಗ ಹೇಳಬೇಕೆಂದಿದ್ದ ಒಂದು ವಿಷಯವನ್ನೂ ಹೇಳಲಿಕ್ಕಾಗಲಿಲ್ಲ. ನಿಮ್ಮ ಹಿಂದೆ ಸಾಲು ನಿಂತ ಜವಾನರ ಕೆಮ್ಮು ಇಲ್ಲಿಯವರೆಗೆ ಕೇಳುತ್ತದೆ. ಹತ್ತು ದಿನಕ್ಕೊಮ್ಮೆ ಸಿಗುವ ಮೂರು ನಿಮಿಷದಲ್ಲಿ ಒಂದು ನಿಮಿಷ ಅತ್ತೆ ಅತ್ತರು, ಒಂದು ನಿಮಿಷ ನೀವು ಅಲ್ಲಿಯ ಹಿಮದ ಬಗ್ಗೆ ಹೇಳಿದಿರಿ, ಉಳಿದದ್ದರಲ್ಲಿ ಭವಿತಾಳಿಗೆ ಚೆನ್ನಾಗಿ ಓದು ಎಂದಿರಿ. ಹಾಗಾಗಿ ಬರೆಯುತ್ತಿದ್ದೇನೆ. ಮನೆಯಲ್ಲಿ ಆಡುವ ಅರೆಭಾಷೆ ನನ್ನ ಕೈಯಲ್ಲಿ ಕಾಗದಕ್ಕೆ ಇಳಿಯುವುದಿಲ್ಲ, ಶಾಲೆಯ ಕನ್ನಡವೇ ಬರುತ್ತದೆ. ಯಾರೋ ಟೀಚರು ಬರೆದ ಹಾಗೆ ಕಂಡರೆ ನಗಬೇಡಿ.

ಸಿಇಟಿಗೆ ಅರ್ಜಿ ಹಾಕಲು ಶುರುವಾಗಿದೆ. ಸುಳ್ಯದಲ್ಲಿ ಜಾಸಿರ್ ಅವರ ಸೈಬರ್ ಅಂಗಡಿಗೆ ಹೋಗಿದ್ದೆ. ಹೋದ ವರ್ಷ ಅವರ ಮಗಳಿಗೆ ಇದನ್ನೆಲ್ಲ ಮಾಡಿಸಿದವರು, ಹಾಗಾಗಿ ತಾಳ್ಮೆ ಉಂಟು. ಭವಿತಾಳ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ನೀವು ಬೆಳ್ಯಪ್ಪ ಗೌಡ. ನಿಮ್ಮ ಮಿಲಿಟರಿ ಕಾರ್ಡಿನಲ್ಲಿ ಕೆ. ಎಂ. ಬೆಳ್ಯಪ್ಪ. ಆಧಾರಿನಲ್ಲಿ ಬರೇ ಬೆಳ್ಯಪ್ಪ. "ಈ ಮೂವರಲ್ಲಿ ಇವಳ ಅಪ್ಪ ಯಾರು ಅಕ್ಕ?" ಎಂದು ಕೇಳಿದರು. ಮೂವರೂ ಒಬ್ಬರೇ ಎಂದು ನೋಟರಿಯ ಹತ್ತಿರ ಬರೆಸಿಕೊಂಡು ಬರಬೇಕಂತೆ. ಜಾತಿ ಸರ್ಟಿಫಿಕೇಟಿಗೆ ನಾಡಕಚೇರಿಗೆ ಎರಡು ಸಲ ಹೋದೆ. ಮೊದಲ ಸಲ ಕರೆಂಟು ಇರಲಿಲ್ಲ, ಎರಡನೆಯ ಸಲ ಸರ್ವರ್ ಇರಲಿಲ್ಲ. ಒಂದರಿಂದ ಹತ್ತರ ತನಕ ಗ್ರಾಮೀಣ ಶಾಲೆಯಲ್ಲಿ ಓದಿದ್ದಾಳೆಂಬುದಕ್ಕೆ ಬೇರೆ ಕಾಗದ, ಅದಕ್ಕೆ ಬೇರೆ ಆಫೀಸಿನ ಸಹಿ.

ಸೈನಿಕರ ಮಕ್ಕಳಿಗೆ ಬೇರೆ ಕೋಟಾ ಉಂಟು. ಅದಕ್ಕೆ ನೀವು ಸೇವೆಯಲ್ಲಿದ್ದೀರಿ ಎಂದು ನಿಮ್ಮ ಆಫೀಸಿನ ಸರ್ಟಿಫಿಕೇಟು ಬೇಕು. ಬೇಗ ಕಳಿಸಿ.

ಭವಿತಾ ಬೆಳಿಗ್ಗೆ ಬಸ್ಸು ಹಿಡಿದು ಪುತ್ತೂರು ಕಾಲೇಜಿಗೆ ಹೋದರೆ ಕೋಚಿಂಗು ಮುಗಿಸಿ ಸಂಜೆ ಏಳಕ್ಕೆ ಬರುತ್ತಾಳೆ. ಬ್ಯಾಗು ಇಳಿಸಿದ ಮೇಲೆಯೂ ಹೆಗಲು ಬಗ್ಗಿಯೇ ಇರುತ್ತದೆ. ಓದುತ್ತಾಳೆ. ನೀವು ಚಿಂತೆ ಮಾಡಬೇಡಿ.

ವೇದಾವತಿ


99 ಎ.ಪಿ.ಒ. ಮೂಲಕ
9 ಫೆಬ್ರವರಿ 2024

ವೇದಾ,

ನಿನ್ನ ಕಾಗದ ಸಿಕ್ಕಿತು. ಮೊದಲು ಒಂದು ವಿಷಯ. ಹಿಮ ಬಿದ್ದು ನಮ್ಮ ಪೋಸ್ಟಿನ ಫೋನ್ ಲೈನು ಹೋಗಿದೆ. ಮೇ ತಿಂಗಳವರೆಗೆ ಫೋನಿನ ಆಸೆ ಬಿಡು, ಅಮ್ಮನಿಗೂ ಹೇಳಿಡು. ಕಾಗದ ಬರೆಯುತ್ತೇನೆ. ಲಕೋಟೆಯ ಹಿಂದೆ ಮಿಲಿಟರಿ ಟಪಾಲಿನ ಹೊಸ ನಂಬರು ಉಂಟು, ಅದಕ್ಕೆ ಹಾಕಿದರೆ ನಿನ್ನ ಕಾಗದ ಬೇಗ ಸಿಗುತ್ತದೆ. ಅಕ್ಷರ ವಕ್ರವಾಗಿದ್ದರೆ ಗ್ಲೌಸು ಹಾಕಿ ಬರೆದದ್ದೆಂದು ತಿಳಿದುಕೋ.

ಸರ್ಟಿಫಿಕೇಟಿಗೆ ಅರ್ಜಿ ಕೊಟ್ಟಿದ್ದೇನೆ. ಆಫೀಸಿನವರು ನೇರ ಮನೆಗೇ ರಿಜಿಸ್ಟರ್ ಮಾಡುತ್ತಾರೆ.

ಈಗ ಭವಿತಾಳ ವಿಷಯ. ಇಪ್ಪತ್ತಮೂರು ವರ್ಷ ಸೆಲ್ಯೂಟ್ ಹೊಡೆದಿದ್ದೇನೆ ವೇದಾ. ಕೆಲವರಿಗೆ ಮನಸ್ಸಿನಿಂದ, ಕೆಲವರಿಗೆ ಕೈಯಿಂದ ಮಾತ್ರ. ನಮ್ಮ ಆಸ್ಪತ್ರೆಗಳಲ್ಲಿ ಹೆಣ್ಣುಮಕ್ಕಳು ಡಾಕ್ಟರಾಗಿ, ಕ್ಯಾಪ್ಟನ್ ಆಗಿ ತಿರುಗುತ್ತಾರೆ. ಇಪ್ಪತ್ತಾರು, ಇಪ್ಪತ್ತೇಳು ವರ್ಷ ಇರಬಹುದು ಅಷ್ಟೆ. ಅವರು ವಾರ್ಡಿಗೆ ಬಂದರೆ ಮೀಸೆ ಬೆಳ್ಳಗಾದ ಸುಬೇದಾರನೂ ಮಲಗಿದಲ್ಲೇ ನೆಟ್ಟಗಾಗುತ್ತಾನೆ. ಭವಿತಾ ಹಾಗಾಗಬೇಕು. ನಮ್ಮ ಮನೆಯಲ್ಲಿ ಒಬ್ಬರಾದರೂ ಸೆಲ್ಯೂಟ್ ತೆಗೆದುಕೊಳ್ಳಬೇಕು.

ಅವಳ ಪರೀಕ್ಷೆ ಮುಗಿಯುವ ತನಕ ಮನೆಯ ಯಾವ ತಾಪತ್ರಯವನ್ನೂ ಅವಳ ಕಿವಿಗೆ ಹಾಕಬೇಡ. ಟಿವಿ ಬೇಡ. ಫಿಸಿಕ್ಸು, ಕೆಮಿಸ್ಟ್ರಿ ಬೆಳಿಗ್ಗೆ ಓದಲಿ, ಬಯಾಲಜಿ ಸಂಜೆ. ನಾನು ಆರಾಮ ಇದ್ದೇನೆ.

ಬೆಳ್ಯಪ್ಪ


ಅರಂತೋಡು
24 ಫೆಬ್ರವರಿ 2024

ಭವಿತಾಳ ಅಪ್ಪನಿಗೆ,

ನಿಮ್ಮ ಕಾಗದ ಈ ಸಲ ಎಂಟೇ ದಿನಕ್ಕೆ ಬಂತು. ಮೊದಲೆಲ್ಲ ಹದಿನೆಂಟು ಇಪ್ಪತ್ತು ದಿನ ಆಗುತ್ತಿತ್ತು. ಹಿಮ ಇದ್ದರೂ ಟಪಾಲಿನವರು ಚುರುಕಾಗಿದ್ದಾರೆ.

ಅತ್ತೆಗೆ ಫೋನಿನ ವಿಷಯ ಹೇಳಿದೆ. "ಅವನ ಸ್ವರ ಕೇಳದೆ ಮೇ ತನಕ ಹೇಗೆ ಇರುದು?" ಎಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಈಗ ಸರಿಯಾಗಿದ್ದಾರೆ.

ಅರ್ಜಿ ಹಾಕಿ ಆಯಿತು. ಫೋಟೋ ಮೂರು ಸಲ ವಾಪಸ್ಸು ಬಂತು. ಒಮ್ಮೆ ಕಿವಿ ಕಾಣುವುದಿಲ್ಲವೆಂದು, ಒಮ್ಮೆ ಸೈಜು ಹೆಚ್ಚೆಂದು, ಒಮ್ಮೆ ಕಡಿಮೆಯೆಂದು. ನೀಟಿಗೆ ಬೇರೆ ಅರ್ಜಿ, ಬೇರೆ ಪಾಸ್‌ವರ್ಡು. ಎಲ್ಲವನ್ನೂ ಅವಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ನೀವು ಹೇಳಿದ ಹಾಗೆ ಮೊದಲು ಎಂ.ಬಿ.ಬಿ.ಎಸ್. ಎಂದೇ ಹೇಳಿದ್ದೇನೆ. ಭವಿತಾ ಹೂಂ ಎಂದಳು. ಅವಳು ಈಗ ಯಾವುದಕ್ಕೂ ಹೂಂ ಎನ್ನುತ್ತಾಳೆ. ದೋಸೆ ಬೇಕಾ ಎಂದರೂ ಹೂಂ, ಬೇಡವಾ ಎಂದರೂ ಹೂಂ.

ಕಾಲೇಜಿನ ಪ್ರಿಪರೇಟರಿ ಪರೀಕ್ಷೆ ಮುಗಿಯಿತು. ಮೇಲಿನ ಎರಡು ಸಾಲು ಹೊಡೆದು ಹಾಕಿದ್ದೇನೆ, ಅದನ್ನು ನೋಡಬೇಡಿ. ಬೇರೆ ಎಂತದೋ ಬರೆದು ಹೋಯಿತು. ಪರೀಕ್ಷೆ ಮಾರ್ಚ್ ಒಂದಕ್ಕೆ ಶುರು. ಎಲ್ಲ ಒಳ್ಳೆಯದಾಗುತ್ತದೆ.

ವೇದಾವತಿ


99 ಎ.ಪಿ.ಒ. ಮೂಲಕ
12 ಮಾರ್ಚ್ 2024

ವೇದಾ,

ನೋಡಬೇಡ ಎಂದರೆ ನೋಡದೆ ಇರಲು ಆಗುತ್ತದೆಯೇ? ನೀನು ಹೊಡೆದು ಹಾಕಿದ್ದನ್ನು ಬೆಳಕಿಗೆ ಹಿಡಿದು ನೋಡಿದೆ. 'ಫಿಸಿ' ಎಂಬಲ್ಲಿಯವರೆಗೆ ಕಂಡಿತು. ಕೋಚಿಂಗಿನ ಫೀಸು ಬಾಕಿ ಇದ್ದರೆ ನನಗೆ ಹೇಳಲು ಸಂಕೋಚ ಎಂತಕ್ಕೆ? ಅದನ್ನು ನಾನು ನೋಡಿಕೊಳ್ಳುತ್ತೇನೆ. ನೀನು ಇಂಥದ್ದನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡು ಕೊರಗುವವಳೆಂದು ನನಗೆ ಗೊತ್ತು.

ನನ್ನ ಕಾಗದ ತಡವಾಗಿದ್ದರೆ ಅದು ಡ್ಯೂಟಿಯಿಂದಾಗಿ. ಈ ತಿಂಗಳು ಸ್ವಲ್ಪ ಕಷ್ಟದ ಡ್ಯೂಟಿ ಇತ್ತು, ಈಗ ಮುಗಿದಿದೆ.

ಭವಿತಾ ಪೇಪರು ಬರೆದು ಬಂದ ಮೇಲೆ ಉತ್ತರ ಸರಿಯೋ ತಪ್ಪೋ ಎಂದು ಕೂತು ಕೇಳಬೇಡ. ಮುಂದಿನ ಪೇಪರಿಗೆ ಓದಲಿ.

ಬೆಳ್ಯಪ್ಪ


99 ಎ.ಪಿ.ಒ. ಮೂಲಕ
28 ಏಪ್ರಿಲ್ 2024

ವೇದಾ,

ಪಿಯುಸಿ ರಿಸಲ್ಟು ಹತ್ತನೇ ತಾರೀಕಿಗೆ ಬಂದಿದೆಯೆಂದು ಇಲ್ಲಿ ಹಾಸನದ ಒಬ್ಬ ಹುಡುಗ ಹೇಳಿದ. ಇವತ್ತು ಇಪ್ಪತ್ತೆಂಟು. ಫೆಬ್ರವರಿಯ ನಂತರ ನಿನ್ನ ಕಾಗದ ಇಲ್ಲ. ಸಿಇಟಿಯೂ ಮುಗಿದಿರಬೇಕು.

ಮಾರ್ಕು ಕಡಿಮೆ ಬಂದಿದ್ದರೆ ಬರೆ. ನಾನು ಬೈಯುವುದಿಲ್ಲ. ತೊಂಬತ್ತು ಬರಬೇಕಿತ್ತು, ಎಂಬತ್ತೈದು ಬಂದಿದ್ದರೂ ನೀಟಿನಲ್ಲಿ ಸರಿ ಮಾಡಿಕೊಳ್ಳಬಹುದು. ಇಲ್ಲಿ ಕೂತು ಎಷ್ಟು ಲೆಕ್ಕ ಹಾಕುವುದು.

ಬೆಳ್ಯಪ್ಪ


ಅರಂತೋಡು
23 ಮೇ 2024

ಭವಿತಾಳ ಅಪ್ಪನಿಗೆ,

ಮೂರು ತಿಂಗಳು ಬರೆಯಲಿಕ್ಕಾಗಲಿಲ್ಲ. ಅತ್ತೆಗೆ ಜ್ವರ ಬಂದಿತ್ತು, ಆಮೇಲೆ ಸಿಇಟಿ, ಆಮೇಲೆ ನೀಟು. ಭವಿತಾ ಪಿಯುಸಿ ಪಾಸಾಗಿದ್ದಾಳೆ. ನೀಟು ಬರೆದಳು. ಹೇಗಿತ್ತು ಎಂದು ಕೇಳಿದೆ, "ಉದ್ದ ಇತ್ತು" ಎಂದಳು.

ನಿಮ್ಮ ಆಫೀಸಿನ ಸರ್ಟಿಫಿಕೇಟು ಮಾರ್ಚಿನಲ್ಲೇ ಬಂದಿತ್ತು. ಎಲ್ಲ ಇಂಗ್ಲಿಷು, ಮೇಲೆ ಮೂರು ಸಿಂಹ, ಕೆಳಗೆ ಸೀಲು. ನಿಮ್ಮ ಹೆಸರು ಸರಿ ಉಂಟೋ ಎಂದು ಮಾತ್ರ ನೋಡಿ ಕಪಾಟಿನಲ್ಲಿಟ್ಟೆ. ಪರೀಕ್ಷೆಯ ನಡುವೆ ಅವಳಿಗೆ ತೋರಿಸಲು ಹೋಗಲಿಲ್ಲ. ಜೂನ್ ಐದಕ್ಕೆ ಬೆಂಗಳೂರಿನಲ್ಲಿ ಸೈನಿಕರ ಮಕ್ಕಳ ಕಾಗದಪತ್ರ ಪರಿಶೀಲನೆ. ನಾವಿಬ್ಬರೂ ಹೋಗುತ್ತೇವೆ.

ಮೇ ಬಂತು. ಫೋನ್ ಲೈನು ಸರಿಯಾಯಿತೇ?

ವೇದಾವತಿ


ಅರಂತೋಡು
9 ಜೂನ್ 2024

ಇವರಿಗೆ,

ಫೋನ್ ಮಾಡಬಹುದಿತ್ತು. ಮಾಡಿದರೆ ನೀವು ಏನಿಲ್ಲ, ಏನಿಲ್ಲ ಎಂದು ಎರಡು ಸಲ ಹೇಳಿ ಮುಗಿಸುತ್ತೀರಿ. ಹಾಗಾಗಿ ಬರೆಯುತ್ತೇನೆ. ಪೂರ್ತಿ ಓದಿ.

ಐದನೇ ತಾರೀಕು ನಮ್ಮ ಸರದಿ ಬರುವಾಗ ಮಧ್ಯಾಹ್ನ ಮೂರು ಗಂಟೆ. ಕಾಗದ ನೋಡುತ್ತಿದ್ದವರು ವಯಸ್ಸಾದವರು, ಒಳ್ಳೆಯ ಮನುಷ್ಯ. ಒಂದೊಂದಾಗಿ ತಿರುವಿದರು. ನಿಮ್ಮ ಸರ್ಟಿಫಿಕೇಟು ಬಂದಾಗ ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಯಜಮಾನ್ರು ಹೇಗಿದ್ದಾರಮ್ಮ ಈಗ?"

"ಚೆನ್ನಾಗಿದ್ದಾರೆ ಸರ್. ಬಾರ್ಡರಿನಲ್ಲಿದ್ದಾರೆ."

"ಆಸ್ಪತ್ರೆಲಿದ್ದಾರೆ ಅಂತ ಇದೆಯಲ್ಲ ಇದರಲ್ಲಿ? ಜನವರಿಯಿಂದ."

ನಾನು ನಕ್ಕೆ. ಬೇರೆ ಯಾರದ್ದೋ ಇರಬೇಕು ಸರ್, ಇವರ ಹೆಸರು ಮೂರು ನಮೂನೆ ಉಂಟು ಎಂದೆ. ಭವಿತಾ ಕಾಗದವನ್ನು ತೆಗೆದುಕೊಂಡು ಓದಿದಳು. ಎರಡು ಸಲ ಓದಿದಳು. ಅವರ ಕೈಗೆ ವಾಪಸ್ಸು ಕೊಟ್ಟು, "ಅಪ್ಪನದ್ದೇ. ಇನ್ನು ಎಂತ ಬೇಕು ಸರ್?" ಎಂದು ಕೇಳಿದಳು.

ಸೇವೆಯಲ್ಲಿ ಅಂಗ ಊನವಾದವರ ಮಕ್ಕಳಿಗೆ ಮೊದಲ ಆದ್ಯತೆ ಇರುತ್ತದೆ, ಅಂಥದ್ದೇನಾದರೂ ಆಗಿದ್ದರೆ ಅದರ ಕಾಗದ ತಂದುಕೊಡಿ, ಜುಲೈ ಮೊದಲ ವಾರದ ತನಕ ಅವಕಾಶ ಇದೆ ಎಂದರು. ಅಂಗ ಎಂದರು. ಯಾವ ಅಂಗ ಎಂದು ಅವರಿಗೂ ಗೊತ್ತಿರಲಿಲ್ಲ, ನಿಮ್ಮ ಹೆಂಡತಿಗೂ ಗೊತ್ತಿರಲಿಲ್ಲ.

ಹೊರಗೆ ಮೆಟ್ಟಿಲಲ್ಲಿ ಕೂತು ನಿಮ್ಮ ಮೊಬೈಲಿಗೆ ಮಾಡಿದೆ. ಅದು ಬಂದ್ ಇರುತ್ತದೆಂದು ನಾನು ಐದು ತಿಂಗಳಿಂದ ಪ್ರಯತ್ನವನ್ನೇ ಮಾಡಿರಲಿಲ್ಲ. ರಿಂಗಾಯಿತು. ನೀವು ಎತ್ತುವ ಮೊದಲು ನಾನೇ ಕಟ್ ಮಾಡಿದೆ.

"ನಿನಗೆ ಗೊತ್ತಿತ್ತಾ ಅಮ್ಮ?" ಎಂದು ಭವಿತಾ ಕೇಳಿದಳು. ಇಲ್ಲ ಎಂದೆ. ಅವಳು ನಂಬಲಿಲ್ಲ. ನಂಬದಿರಲು ಕಾರಣ ಉಂಟು. ನಾನು ಮುಚ್ಚಿಡುವವಳೆಂದು ಅವಳಿಗೆ ಗೊತ್ತು.

ನಾನು ಮುಚ್ಚಿಟ್ಟದ್ದು ಇದು. ಹೊಡೆದು ಹಾಕಿದ ಸಾಲು ಫೀಸಿನದ್ದಲ್ಲ, ಫಿಸಿಕ್ಸಿನದ್ದು. ಪ್ರಿಪರೇಟರಿಯಲ್ಲಿ ಹನ್ನೊಂದು ಮಾರ್ಕು. ಮಾರ್ಚಿನ ಪರೀಕ್ಷೆಯಲ್ಲಿ ಫಿಸಿಕ್ಸ್ ಫೇಲು. ರಿಸಲ್ಟು ಬಂದ ದಿನ ಪುತ್ತೂರಿನಲ್ಲಿ ಬಸ್ಸು ಹತ್ತಿದವಳು ಅರಂತೋಡಿನಲ್ಲಿ ಇಳಿಯಲಿಲ್ಲ. ಅದೇ ಬಸ್ಸಿನಲ್ಲಿ ಸಂಪಾಜೆಯವರೆಗೆ ಹೋಗಿ, ಅಲ್ಲಿ ಕೂತಿದ್ದು, ಇನ್ನೊಂದು ಬಸ್ಸಿನಲ್ಲಿ ಬಂದಳು. ನಾನು ರಸ್ತೆಯಲ್ಲಿ ನಿಂತಿದ್ದೆ. ಎರಡನೇ ಪರೀಕ್ಷೆಗೆ ಮತ್ತೆ ಕಟ್ಟಿ, ನೀಟಿನ ನಡುವೆಯೇ ಓದಿ, ಮೇಯಲ್ಲಿ ಪಾಸಾದಳು. ಅದಕ್ಕೇ ನಾನು ಪಾಸಾದ ಮೇಲೆ ಬರೆದದ್ದು. ಫೇಲು ಎಂದು ಬರೆದರೆ ಹಿಮದಲ್ಲಿ ಒಬ್ಬರೇ ಕೂತು ಕೊರಗುತ್ತೀರಿ ಎಂದು ನನಗೆ ಮರುಕ. ನೀವು ನೋಡಿದರೆ ಹಿಮದಲ್ಲೇ ಇರಲಿಲ್ಲ.

ಅತ್ತೆಗೆ ಇನ್ನೂ ಹೇಳಿಲ್ಲ. ಎಂತ ಆಗಿದೆ ಎಂದು ಸರಿಯಾಗಿ ಬರೆಯಿರಿ. ಕಡಿಮೆ ಮಾಡಿ ಬರೆಯಬೇಡಿ.

ವೇದಾವತಿ


ಮಿಲಿಟರಿ ಆಸ್ಪತ್ರೆ, ವಾರ್ಡ್ 7
17 ಜೂನ್ 2024

ವೇದಾ,

ವಿಳಾಸ ಸರಿಯಾದದ್ದೇ ಹಾಕಿದ್ದೇನೆ.

ಜನವರಿ ಇಪ್ಪತ್ತೆರಡಕ್ಕೆ ಗಸ್ತಿಗೆ ಹೋಗಿದ್ದೆವು. ಹಿಮದ ಕೆಳಗೆ ತೊರೆ ಇತ್ತು, ಎಡಗಾಲು ಒಳಗೆ ಹೋಯಿತು. ಬೂಟು ನೆನೆದದ್ದು ನನಗೆ ಗೊತ್ತಿತ್ತು. ನಿಲ್ಲಿಸಿದರೆ ಹುಡುಗರಿಗೆಲ್ಲ ತಡವಾಗುತ್ತದೆಂದು ಆರು ಗಂಟೆ ನಡೆದೆ. ಹಿಮಕ್ಕೆ ಸತ್ತುಹೋದ ಮೂರು ಕಾಲ್ಬೆರಳು ತೆಗೆದರು. ಮಾರ್ಚಿನಲ್ಲಿ ಕೀವು ಆಗಿ ಪುನಃ ಕೊಯ್ದರು. ನಾನು ಕಷ್ಟದ ಡ್ಯೂಟಿ ಎಂದು ಬರೆದದ್ದು ಅದನ್ನೇ. ಈಗ ಕೋಲು ಹಿಡಿದು ಶೌಚಕ್ಕೆ ನಾನೇ ಹೋಗುತ್ತೇನೆ. ಕಡಿಮೆ ಮಾಡಿ ಬರೆದಿಲ್ಲ.

ಫೋನ್ ಲೈನು ಕೆಟ್ಟಿರಲಿಲ್ಲ. ಮಾತಾಡಿದ್ದರೆ ಧ್ವನಿಯಲ್ಲೇ ನಿನಗೆ ಗೊತ್ತಾಗುತ್ತಿತ್ತು. ಪರೀಕ್ಷೆ ಮುಗಿಯಲಿ, ಆಮೇಲೆ ಹೇಳುವ ಎಂದುಕೊಂಡೆ. ಒಂದು ಪರೀಕ್ಷೆ ಮುಗಿದರೆ ಇನ್ನೊಂದು ಇರುತ್ತಿತ್ತು.

ಇನ್ನೊಂದು ವಿಷಯ ನಿನಗೂ ಹೇಳಿದವನಲ್ಲ. ಪಿಯುಸಿ ಬಿಟ್ಟು ಸೈನ್ಯಕ್ಕೆ ಹೋದವನು ಎಂದು ಊರಿಡೀ ಹೇಳುತ್ತಾರೆ, ನಾನೂ ಹಾಗೇ ಹೇಳಿಕೊಂಡು ಬಂದೆ. ನಾನು ಪಿಯುಸಿ ಫೇಲು. ಫಿಸಿಕ್ಸು, ಮ್ಯಾತ್ಸು, ಎರಡೂ. ಸುಳ್ಯದಲ್ಲಿ ರಿಸಲ್ಟು ನೋಡಿ ಮನೆಗೆ ಬರಲು ಧೈರ್ಯವಾಗದೆ ಮಡಿಕೇರಿಯ ಬಸ್ಸು ಹತ್ತಿದೆ. ಅಲ್ಲಿ ಭರ್ತಿ ನಡೆಯುತ್ತಿತ್ತು, ಸಾಲಿನಲ್ಲಿ ನಿಂತೆ. ಭವಿತಾಳಿಗೆ ಹೇಳಬೇಕೋ ಬೇಡವೋ ನೀನೇ ನೋಡು.

ಎಂ.ಬಿ.ಬಿ.ಎಸ್. ಎಂದು ಇನ್ನು ನಾನು ಹೇಳುವುದಿಲ್ಲ. ಅವಳಿಗೆ ಬೇಕಾದ್ದು ಮಾಡಲಿ. ಆದರೆ ಆ ಆಫೀಸಿನವರು ಹೇಳಿದ ಕಾಗದ ಕೊಟ್ಟುಬಿಡು. ಮೆಡಿಕಲ್ ಬೋರ್ಡಿನದ್ದು ಬೇರೆ ರಿಜಿಸ್ಟರಿನಲ್ಲಿ ಕಳಿಸಿದ್ದೇನೆ. ಹೋದದ್ದು ಹೋಯಿತು, ಮಗಳಿಗಾದರೂ ಉಪಯೋಗಕ್ಕೆ ಬರಲಿ. ಒಳ್ಳೆಯ ಕಾಲೇಜು ಸಿಗುತ್ತದೆ.

ಬೆಳ್ಯಪ್ಪ


ಅರಂತೋಡು
10 ಜುಲೈ 2024

ಭವಿತಾಳ ಅಪ್ಪನಿಗೆ,

ನಾವು ಫೋನಿನಲ್ಲಿ ನಾಲ್ಕು ಸಲ ಮಾತಾಡಿದೆವು. ನಾಲ್ಕು ಸಲವೂ ಊಟ ಆಯಿತಾ, ಮಳೆ ಉಂಟಾ ಎಂಬಲ್ಲಿಗೆ ಮುಗಿಯಿತು. ಇದನ್ನು ಹೇಳಲು ಬಾಯಿ ಬರಲಿಲ್ಲ.

ನೀವು ಫೇಲಾದ ವಿಷಯ ಅವಳಿಗೆ ಹೇಳಿದೆ. ಪಾತ್ರೆ ತೊಳೆಯುತ್ತಿದ್ದಳು. "ಎರಡರಲ್ಲೂ?" ಎಂದು ಕೇಳಿದಳು. ಎರಡರಲ್ಲೂ ಎಂದೆ. ನಗು ಬಂದು ಪಾತ್ರೆ ಕೆಳಗಿಟ್ಟಳು. ಎಷ್ಟು ತಿಂಗಳಾಗಿತ್ತು ಆ ನಗು ಕೇಳದೆ. ಅವಳು ನಗುವುದನ್ನು ನೋಡಿ, ನನಗೂ ಮೊದಲೇ ಹೇಳಿದ್ದರೆ ಆಗುತ್ತಿತ್ತಲ್ಲ ಎಂದು ನಿಮ್ಮ ಮೇಲೆ ಸಿಟ್ಟು ಬಂತು.

ಅವಳಿಗೆ ಬೇಕಾದ್ದು ಮಾಡಲಿ ಎಂದು ಬರೆದಿದ್ದೀರಿ. ಬರೆಯಲು ಸುಲಭ. ಬೇಕಾದ್ದು ಎಂತ ಎಂದು ಅವಳಿಗೇ ಗೊತ್ತಿಲ್ಲ. "ಕ್ಲಾಸಿನಲ್ಲಿ ಎಲ್ಲರೂ ಗೊತ್ತುಂಟು ಅಂತ ಮಾತಾಡುದು ಅಮ್ಮ, ನಾನೂ ಮಾತಾಡಿದೆ, ಅಷ್ಟೆ" ಎಂದಳು. ಸಿಇಟಿ ರ‍್ಯಾಂಕು ತುಂಬ ಕೆಳಗೆ. ನೀಟಿನ ಮಾರ್ಕು ನಾನು ಬರೆಯುವುದಿಲ್ಲ. ಸೀಟಿನ ಪಟ್ಟಿ ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿಲ್ಲದ ಕಾರಣ ಪುತ್ತೂರಿನಲ್ಲೇ ಬಿಎಸ್ಸಿಗೆ ಸೇರಿಸಿದ್ದೇನೆ. ಫಿಸಿಕ್ಸ್ ಇಲ್ಲದ ಕಾಂಬಿನೇಶನ್ ಕೇಳಿ ತೆಗೆದುಕೊಂಡಳು.

ಇನ್ನು ನಿಮ್ಮ ಬೋರ್ಡಿನ ಕಾಗದ. ಅದನ್ನು ಅವಳಿಗೆ ತೋರಿಸಿದೆ. ಓದಿ ಮಡಚಿಟ್ಟಳು. "ಅಪ್ಪನ ಬೆರಳನ್ನು ಅಪ್‌ಲೋಡ್ ಮಾಡುದಾ ಅಮ್ಮ? ನನ್ನಿಂದ ಆಗುದಿಲ್ಲ" ಎಂದಳು. ಅದು ನಿನ್ನ ಹಕ್ಕು, ಸರಕಾರವೇ ಕೊಡುವುದು ಎಂದೆ. "ಮಾರ್ಕು ಕಡಿಮೆ ಇದ್ದರೂ ಅಡ್ಡಿಲ್ಲ, ಅದಾದರೂ ನನ್ನದು, ನನ್ನದಲ್ಲದ್ದು ಬೇಡ" ಎಂದು ಎಂತದೋ ಹೇಳಿದಳು. ನನಗೆ ಪೂರ್ತಿ ಅರ್ಥವಾಗಲಿಲ್ಲ. ಅವಳಿಗೂ ಆಗಿರಲಿಕ್ಕಿಲ್ಲ.

ನಾನು ಸುಳ್ಳು ಹೇಳುವುದಿಲ್ಲ, ನನಗೆ ಬೇಕಿತ್ತು. ಅವಳು ಕಾಲೇಜಿಗೆ ಹೋದ ಮೇಲೆ ಕಾಗದ ತೆಗೆದುಕೊಂಡು ಜಾಸಿರ್ ಅವರ ಅಂಗಡಿಗೆ ಹೋದೆ. ಪಾಸ್‌ವರ್ಡು ನನ್ನ ನೋಟ್‌ಬುಕ್ಕಿನಲ್ಲೇ ಉಂಟಲ್ಲ. ಅವರು ಸ್ಕ್ಯಾನ್ ಮಾಡಿದರು. ನಿಮ್ಮ ಎಡಗಾಲಿನ ವಿಷಯ ಇಂಗ್ಲಿಷಿನಲ್ಲಿ ಆ ಪರದೆಯಲ್ಲಿ ಬಂತು. ಪಕ್ಕದಲ್ಲಿ ಇಬ್ಬರು ರೇಶನ್ ಕಾರ್ಡಿಗೆ ಕಾಯುತ್ತಿದ್ದರು, ಅವರೂ ನೋಡಿದರು.

"ಹಾಕುದಾ ಅಕ್ಕ?" ಎಂದು ಜಾಸಿರ್ ಕೇಳಿದರು.

"ನಾಳೆ ಬರ್ತೇನೆ" ಎಂದೆ.

"ನಾಳೆ ಕೊನೆಯ ದಿನ. ನಾಳೆ ತಪ್ಪಿಸಬೇಡಿ ಮಾರಾಯ್ರೆ."

ಮರುದಿನ ಹೋಗಲಿಲ್ಲ. ಮಗಳ ಮಾತಿಗೆ ಬೆಲೆ ಕೊಟ್ಟೆ ಎಂದು ನೀವು ತಿಳಿಯಬಾರದು. ಅಷ್ಟು ದೊಡ್ಡದಾಗಿ ಆಲೋಚನೆ ಮಾಡಿದವಳಲ್ಲ ನಾನು. ಬೆಳಿಗ್ಗೆ ಸೀರೆ ಉಟ್ಟು, ಫೈಲು ಹಿಡಿದು, ಬಸ್ಸಿಗೆ ಹೊರಟವಳು ಜಗಲಿಯಲ್ಲಿ ಕೂತೆ. ಬಸ್ಸು ಹೋದ ಶಬ್ದ ಕೇಳಿತು. ಎದ್ದೇಳಲು ಆಗಲಿಲ್ಲ. ಆರು ತಿಂಗಳಿಂದ ಆ ಫೈಲು ಹಿಡಿದು ಓಡಿದ್ದು ಎಲ್ಲ ಒಟ್ಟಿಗೆ ಕಾಲಿಗೆ ಬಂದ ಹಾಗಾಯಿತು. ಮಧ್ಯಾಹ್ನದವರೆಗೆ ಅಲ್ಲೇ ಇದ್ದೆ. ಅತ್ತೆ ಬಂದು, "ಎಲ್ಲಿಗೆ ಹೊರಟದ್ದು?" ಎಂದರು. ಎಲ್ಲಿಗೂ ಇಲ್ಲ ಎಂದೆ.

ವೇದಾವತಿ


ಮಿಲಿಟರಿ ಆಸ್ಪತ್ರೆ, ವಾರ್ಡ್ 7
21 ಜುಲೈ 2024

ವೇದಾ,

ಬೆರಳು ನನ್ನದು. ಕೊಡಬೇಕೆಂದು ನಾನು ಕಳಿಸಿದ್ದು. ಬೇಡ ಎನ್ನಲು ಅವಳಿಗೆ ಹದಿನೇಳು ವರ್ಷ, ಜಗಲಿಯಲ್ಲಿ ಕೂತುಬಿಡಲು ನಿನಗೆ ಸುಸ್ತಿನ ಕಾರಣ. ನಾನು ಇಲ್ಲಿ ಮಲಗಿ ಇನ್ನು ಎಂತ ಕೊಡಲಿ?

ಬೆಳ್ಯಪ್ಪ


ಅರಂತೋಡು
3 ಸೆಪ್ಟೆಂಬರ್ 2024

ಭವಿತಾಳ ಅಪ್ಪನಿಗೆ,

ನಿಮ್ಮ ನಾಲ್ಕು ಸಾಲಿಗೆ ಆರು ವಾರ ಉತ್ತರ ಬರೆಯಲಿಲ್ಲ. ಫೋನನ್ನೂ ಅತ್ತೆಗೇ ಕೊಟ್ಟೆ.

ಸೀಟಿನ ಪಟ್ಟಿ ಬಂತು. ಜಾಸಿರ್ ನಂಬರು ಹಾಕಿ ನೋಡಿದರು. ಈ ಸುತ್ತಿನಲ್ಲಿ ಸೀಟು ಹಂಚಿಕೆಯಾಗಿಲ್ಲ ಎಂದು ಒಂದು ಸಾಲು. ಜನವರಿಯಿಂದ ಮಾಡಿದ್ದಕ್ಕೆಲ್ಲ ಒಂದು ಸಾಲು. ಇನ್ನೊಂದು ಸುತ್ತು ಉಂಟು ಅಕ್ಕ, ಕಾಲೇಜುಗಳ ಪಟ್ಟಿ ಬದಲಿಸಿ ನೋಡುವ ಎಂದರು. ನಾನು ಭವಿತಾಳನ್ನು ನೋಡಿದೆ. ಅವಳು, "ಬೇಡ ಜಾಸಿರ್ ಅಣ್ಣ. ನಾಡಿದ್ದು ನನಗೆ ಇಂಟರ್ನಲ್ ಟೆಸ್ಟ್ ಉಂಟು" ಎಂದಳು. ಅವರು ಕಂಪ್ಯೂಟರಿನ ಕಿಟಕಿ ಮುಚ್ಚಿ, ಇವತ್ತಿನದ್ದಕ್ಕೆ ದುಡ್ಡು ಬೇಡ ಎಂದರು.

ಬಸ್ಸಿನಲ್ಲಿ ಬರುವಾಗ ಹೇಳಿದಳು. ಬಾಟನಿ ಮೇಡಂ ಬಿಳಿನೆಲೆಯ ಕಾಡಿಗೆ ಕರೆದುಕೊಂಡು ಹೋಗುತ್ತಾರಂತೆ, ಒಂದು ದಿನ. ಕಳಿಸುತ್ತೀಯಾ ಎಂದು ಕೇಳಿದಳು. ಅವಳು ನನ್ನ ಹತ್ತಿರ ತನಗೆ ಬೇಕೆಂದು ಒಂದು ಕೇಳಿದ್ದು ಈ ವರ್ಷ ಇದೇ ಮೊದಲು. ಹೋಗಿ ಬಾ ಎಂದೆ. ಅದರಿಂದ ನಾಳೆ ಎಂತ ಆಗುತ್ತದೆಂದು ನನಗೆ ಗೊತ್ತಿಲ್ಲ. ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂದು ಕೇಳಿದರೂ ಗೊತ್ತಿಲ್ಲ. ಕಾಲೇಜಿಗೆ ಹೋಗುತ್ತಾಳೆ, ಬರುತ್ತಾಳೆ, ಅನ್ನ ಎರಡನೇ ಸಲ ಹಾಕಿಸಿಕೊಳ್ಳುತ್ತಾಳೆ.

ಎಂತ ಕೊಡಲಿ ಎಂದು ಕೇಳಿದ್ದಿರಿ. ನಾವು ಎಂತದ್ದೂ ಕೇಳಿರಲಿಲ್ಲ. ಕಾಲು ಹೇಗುಂಟು ಎಂದು ನಾನು ಕೇಳಿದ್ದು, ಅದಕ್ಕೆ ನೀವು ಇನ್ನೂ ಸರಿಯಾಗಿ ಉತ್ತರ ಕೊಟ್ಟಿಲ್ಲ.

ವೇದಾವತಿ


ಮಿಲಿಟರಿ ಆಸ್ಪತ್ರೆ, ವಾರ್ಡ್ 7
12 ಸೆಪ್ಟೆಂಬರ್ 2024

ವೇದಾ,

ಜುಲೈಯಲ್ಲಿ ಬರೆದದ್ದನ್ನು ಹರಿದು ಹಾಕು. ಆ ಕಾಗದವನ್ನು ಪೆಟ್ಟಿಗೆಗೆ ಹಾಕಿ ಬಂದು ಎರಡು ದಿನ ನನಗೆ ನಿದ್ರೆ ಬರಲಿಲ್ಲ. ನನ್ನ ಬೆರಳು ಹೋದದ್ದಕ್ಕೆ ಒಂದು ಅರ್ಥ ಬೇಕಿತ್ತು, ಅದನ್ನು ಮಗಳ ಮೇಲೆ ಹಾಕಲು ನೋಡಿದೆ. ಹಾಸನದ ಹುಡುಗ ಈಗ ಬಿಡುಗಡೆಯಾಗಿ ಹೋದ. ಅವನ ಮಂಚ ಖಾಲಿಯಾದ ಮೇಲೆ ಇಂಥದ್ದೆಲ್ಲ ಆಲೋಚಿಸಲು ಸಮಯ ಸಿಕ್ಕಿತು.

ಕಾಲಿನ ಉತ್ತರ. ಗಾಯ ಒಣಗಿದೆ. ಬೆರಳಿನ ಜಾಗದಲ್ಲಿ ಹತ್ತಿ ತುಂಬಿದ ಬೂಟು ಕೊಟ್ಟಿದ್ದಾರೆ. ಸಮತಟ್ಟು ನೆಲದಲ್ಲಿ ನಡೆಯುತ್ತೇನೆ, ಇಳಿಜಾರಿನಲ್ಲಿ ಹೆದರಿಕೆ. ಚಳಿಗೆ ನೋಯುತ್ತದೆ, ಇಲ್ಲದ ಬೆರಳೂ ನೋಯುತ್ತದೆ. ಓಡಲು ಇನ್ನು ಆಗುವುದಿಲ್ಲ.

ಕೂತು ಮಾಡುವ ಕೆಲಸ ಕೊಡುತ್ತೇವೆ, ಎರಡು ವರ್ಷ ಇರುತ್ತೀಯಾ ಎಂದು ಕೇಳಿದರು. ಒಪ್ಪಿಗೆ ಇದ್ದರೆ ಇಲ್ಲಿ ಸಹಿ, ಇಲ್ಲದಿದ್ದರೆ ಇಲ್ಲಿ ಎಂದು ಒಂದು ಫಾರಂ ಕೊಟ್ಟರು. ಇಲ್ಲ ಎಂಬಲ್ಲಿ ಹಾಕಿದೆ. ಹೊರಗೆ ಎಂತ ಮಾಡುವುದೆಂದು ನನಗೂ ಗೊತ್ತಿಲ್ಲ.

ಸೈನ್ಯದಿಂದ ಡಿಸ್ಚಾರ್ಜಿನ ಕಾಗದ ಬರುವ ಮೊದಲು ರಜೆಯಲ್ಲಿ ಬರುತ್ತಿದ್ದೇನೆ. ಸೆಪ್ಟೆಂಬರ್ ಇಪ್ಪತ್ತೆಂಟು, ಶನಿವಾರ, ಬೆಂಗಳೂರಿನ ರೈಲಿನಲ್ಲಿ ಪುತ್ತೂರು ಸ್ಟೇಶನ್. ಭವಿತಾ ಕಾಲೇಜಿನಿಂದ ಅಲ್ಲಿಗೆ ಬರಲು ಸಾಧ್ಯವೇ? ಪೆಟ್ಟಿಗೆ ನಾನೇ ಹೊರುತ್ತೇನೆ ಎಂದು ಬರೆಯಬೇಕೆಂದಿದ್ದೆ, ಆಗುವುದಿಲ್ಲ. ಯಾರನ್ನಾದರೂ ಕರೆದುಕೊಂಡು ಬರಲಿ.

ನಾನು ನಿಧಾನ ನಡೆಯುತ್ತೇನೆಂದು ಅವಳಿಗೆ ಮೊದಲೇ ಹೇಳಿಡು. ನೋಡಿ ಗಾಬರಿಯಾಗುವುದು ಬೇಡ.

ಬೆಳ್ಯಪ್ಪ


ಅರಂತೋಡು
19 ಸೆಪ್ಟೆಂಬರ್ 2024

ಭವಿತಾಳ ಅಪ್ಪನಿಗೆ,

ನಿಮ್ಮ ಕಾಗದ ಇವತ್ತು ಸಿಕ್ಕಿತು. ಹೊರಡುವ ಮೊದಲು ಇದು ನಿಮ್ಮ ಕೈಗೆ ಸಿಗಲೆಂದು ಈಗಲೇ ಬರೆದು ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ.

ಅತ್ತೆಗೆ ಪೂರ್ತಿ ಹೇಳಿದೆ. ಅಳುತ್ತಾರೆಂದು ತಿಳಿದಿದ್ದೆ. "ಮೂರೇ ಅಲ್ಲವಾ?" ಎಂದು ಎರಡು ಸಲ ಕೇಳಿ, ನಿಮ್ಮ ಕೋಣೆಯ ಹೊಸ್ತಿಲು ಎತ್ತರವಾಯಿತು, ಆಚಾರಿಯನ್ನು ಕರೆಸು ಎಂದರು. ನಾಳೆ ಬರುತ್ತಾನೆ.

ಇಲ್ಲ ಎಂಬಲ್ಲಿ ಸಹಿ ಹಾಕಿದ್ದು ಸರಿಯಾಯಿತು. ಎಂತ ಮಾಡುವುದೆಂದು ಆಮೇಲೆ ನೋಡುವ. ಸ್ವಲ್ಪ ಸಮಯ ಈ ಮನೆಯಲ್ಲಿ ಯಾರೂ ಯಾವುದಕ್ಕೂ ಅರ್ಜಿ ಹಾಕುವುದು ಬೇಡ.

ಶನಿವಾರ ಭವಿತಾಳಿಗೆ ಕ್ಲಾಸು ಮಧ್ಯಾಹ್ನಕ್ಕೆ ಮುಗಿಯುತ್ತದೆ. ಸ್ಟೇಶನಿಗೆ ನಾನೂ ಬರುತ್ತೇನೆ, ಜಾಸಿರ್ ತಮ್ಮ ಕಾರು ತರುತ್ತೇನೆ ಎಂದಿದ್ದಾರೆ. ನೀವು ನಿಧಾನ ನಡೆಯುತ್ತೀರೆಂದು ಅವಳಿಗೆ ಹೇಳಿದೆ. ಅವಳು ಯಾವುದೋ ಎಲೆಯನ್ನು ರಟ್ಟಿಗೆ ಅಂಟಿಸುತ್ತಿದ್ದಳು. ತಲೆ ಎತ್ತಲಿಲ್ಲ. ಅಂಟಿಸುತ್ತಲೇ ಹೇಳಿದಳು:

"ನನಗೂ ಅರ್ಜೆಂಟು ಎಂತದ್ದೂ ಇಲ್ಲ ಅಂತ ಅಪ್ಪನಿಗೆ ಬರಿ."

ಬರೆದಿದ್ದೇನೆ.

ವೇದಾ